ಮೂಕಿ ಚಿತ್ರದ ನಾಯಕ, ಕನ್ನಡದ ಮೊದಲ ಟಾಕಿಯ ನಿರ್ದೇಶಕ: ವೈ.ವಿ. ರಾವ್ ಯಾರು?

ಪ್ರಶ್ನೆ: ಕಾಲೇಜಿನ ಕನ್ನಡ ಸಂಘದಲ್ಲಿ ನಮ್ಮ ಚಿತ್ರರಂಗದ ಆರಂಭದ ಬಗ್ಗೆ ಮಾತಾಡಬೇಕಿದೆ. ತೆರೆಕಂಡ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ಅಂತ ಎಲ್ಲರಿಗೂ ಗೊತ್ತು. ಅದರ ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನವರು, ಮೂಕಿ ಚಿತ್ರಗಳ ನಟರಾಗಿದ್ದವರು ಎಂದು ಓದಿದೆ. ಮಾತೇ ಇಲ್ಲದ ಚಿತ್ರಗಳಲ್ಲಿ ನಟಿಸಿದ ತೆಲುಗಿನವರಿಗೆ ಕನ್ನಡದ ಮೊದಲ ಮಾತಿನ ಚಿತ್ರ ಹೇಗೆ ಸಿಕ್ಕಿತು? ಆಮೇಲೆ ಅವರು ಏನು ಮಾಡಿದರು? ಆ ಚಿತ್ರ ಈಗ ಎಲ್ಲಾದರೂ ನೋಡಲು ಸಿಗುತ್ತದೆಯೇ?

ಉತ್ತರ: ನನ್ನನ್ನು ಕೇಳಿದರೆ, ಮೂಕಿ ಚಿತ್ರಗಳಲ್ಲಿ ಪಳಗಿದ್ದರಿಂದಲೇ ಆ ಕೆಲಸ ಅವರ ಕೈಗೆ ಬಂತು. ಇದು ಅರ್ಥವಾಗಬೇಕಾದರೆ 1930ರ ಆಸುಪಾಸಿನಲ್ಲಿ ಸಿನಿಮಾದವರ ಬದುಕು ಹೇಗಿತ್ತು ಅಂತ ಸ್ವಲ್ಪ ನೋಡಬೇಕು.

ಯರಗುಡಿಪಾಟಿ ವರದರಾವ್ ಹುಟ್ಟಿದ್ದು 1903ರಲ್ಲಿ, ನೆಲ್ಲೂರಿನಲ್ಲಿ. ಮೊದಲು ನಾಟಕದಲ್ಲಿದ್ದರು. ಆಮೇಲೆ ಸಿನಿಮಾ ಹುಚ್ಚು ಹಿಡಿದು ಕೊಲ್ಹಾಪುರ, ಬೊಂಬಾಯಿ ಕಡೆ ಹೋದರು. ಆ ಕಾಲದಲ್ಲಿ ನಮ್ಮ ಕಡೆಯವರು ಸಿನಿಮಾ ಕಲಿಯಬೇಕೆಂದರೆ ಅತ್ತಲೇ ಹೋಗಬೇಕಿತ್ತು. ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಇತ್ತು. ವಿ. ಶಾಂತಾರಾಂ ತಯಾರಾದದ್ದೂ ಅಲ್ಲೇ. ಅವರೂ ಮೊದಲು ನಟರು, 1925ರ 'ಸಾವಕಾರಿ ಪಾಶ್'ನಲ್ಲಿ ಯುವ ರೈತನ ಪಾತ್ರ ಮಾಡಿದವರು. ಎರಡೇ ವರ್ಷಕ್ಕೆ 'ನೇತಾಜಿ ಪಾಲ್ಕರ್' ಮೂಲಕ ನಿರ್ದೇಶಕರಾದರು. ಅಂದಹಾಗೆ, ಹುಡುಗರಾಗಿದ್ದಾಗ ಶಾಂತಾರಾಂ ನಮ್ಮ ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದಿದ್ದರು, ಅಲ್ಲಿನ ತಗಡಿನ ಚಿತ್ರಮಂದಿರದಲ್ಲೂ ಕೆಲಸ ಮಾಡಿದ್ದರು. ನಟನೆಯಿಂದ ನಿರ್ದೇಶನಕ್ಕೆ ಬರುವ ದಾರಿ ಆಗ ಸಾಮಾನ್ಯವಾಗಿತ್ತು ಎನ್ನುವುದಕ್ಕೆ ಈ ಮಾತು ಹೇಳಿದೆ.

ರಾವ್ ಮದರಾಸಿಗೆ ವಾಪಸ್ ಬರುವ ಹೊತ್ತಿಗೆ ಅಲ್ಲೂ ಗಾಳಿ ಬೀಸತೊಡಗಿತ್ತು. 1929ರಲ್ಲಿ ಎ. ನಾರಾಯಣನ್ ಅವರು ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ಶುರು ಮಾಡಿದರು. ಅದೇ ವರ್ಷದ 'ಗರುಡ ಗರ್ವಭಂಗಂ' ಚಿತ್ರದಲ್ಲಿ ರಾವ್ ಪ್ರಮುಖ ನಟ. 1931ರ 'ರೋಸ್ ಆಫ್ ರಾಜಸ್ಥಾನ್'ನಲ್ಲೂ ನಾಯಕ. ನಡುವೆಯೇ ಕ್ಯಾಮೆರಾದ ಹಿಂದೆ ನಿಂತೂ ಆಯಿತು. 1930ರಲ್ಲಿ 'ಪಾಂಡವ ನಿರ್ವಾಣ' ಮತ್ತು 'ಪಾಂಡವ ಅಜ್ಞಾತವಾಸ', 1932ರಲ್ಲಿ 'ಹರಿಮಾಯಾ', ಮೂರೂ ಅವರ ನಿರ್ದೇಶನದ ಮೂಕಿ ಚಿತ್ರಗಳು. ಹಾಗಾಗಿ 'ಸತಿ ಸುಲೋಚನಾ' ಒಪ್ಪಿಕೊಳ್ಳುವಾಗ ಅವರು ಬರೀ ನಟರಾಗಿರಲಿಲ್ಲ. ನಿಮ್ಮ ಭಾಷಣದಲ್ಲಿ ಇದನ್ನು ಮರೆಯದೆ ಹೇಳಿ. 'ಮೂಕಿ ನಟನಿಗೆ ಟಾಕಿ ಕೊಟ್ಟರು' ಅಂತ ಸುಮ್ನೆ ಬರೆದುಬಿಡುತ್ತಾರೆ, ಈ ಮೂರು ಚಿತ್ರಗಳ ಹೆಸರು ಬಿಟ್ಟೇ ಹೋಗುತ್ತದೆ.

ಈಗ ಭಾಷೆಯ ವಿಷಯಕ್ಕೆ ಬರೋಣ. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ದೃಶ್ಯಗಳ ಮಧ್ಯೆ ಬರುವ ಬರಹದ ಫಲಕಗಳನ್ನು ಬದಲಾಯಿಸಿದರೆ ಆಯಿತು, ಒಂದೇ ಚಿತ್ರ ಮದರಾಸಿನಲ್ಲೂ ಓಡುತ್ತಿತ್ತು, ಬೆಂಗಳೂರಿನಲ್ಲೂ ಓಡುತ್ತಿತ್ತು, ಬೊಂಬಾಯಿಯಲ್ಲೂ ಓಡುತ್ತಿತ್ತು. ಒಂದೇ ಫಲಕದಲ್ಲಿ ಎರಡು ಮೂರು ಲಿಪಿ ಇರುವುದೂ ಉಂಟು. ಓದಲು ಬಾರದವರಿಗೆ ಥಿಯೇಟರಿನಲ್ಲೇ ಒಬ್ಬ ನಿಂತು ಗಟ್ಟಿಯಾಗಿ ಕಥೆ ಹೇಳುತ್ತಿದ್ದ. ನೆಲ್ಲೂರಿನ ನಟ ಎಲ್ಲ ಊರಿನವರಿಗೂ ಬೇಕಾದವನಾಗಬಹುದಿತ್ತು.

1931ರ ಮಾರ್ಚ್ 14ರಂದು ಬೊಂಬಾಯಿಯಲ್ಲಿ ಭಾರತದ ಮೊದಲ ಟಾಕಿ 'ಆಲಂ ಆರಾ' ಬಂತು. ಅಲ್ಲಿಗೆ ಆ ಬಯಲು ಮಾರುಕಟ್ಟೆ ಹೋಳಾಯಿತು. ನಟ ಬಾಯಿ ಬಿಟ್ಟ ಕೂಡಲೇ ಅವನ ಊರು ಗೊತ್ತಾಗುತ್ತದೆ. ಅದರ ಮೇಲೆ ಹಾಡಲೂ ಬರಬೇಕು. ಹಿನ್ನೆಲೆ ಗಾಯನ ನಮ್ಮ ದೇಶದ ಚಿತ್ರಗಳಿಗೆ ಬಂದದ್ದು 1935ರಲ್ಲಿ. ಅಲ್ಲಿಯವರೆಗೆ ಪರದೆಯ ಮೇಲೆ ಹಾಡುವವರು ತಾವೇ ಹಾಡಬೇಕಿತ್ತು. ಎಷ್ಟೋ ಮೂಕಿ ತಾರೆಗಳು ಇಲ್ಲೇ ಕಳೆದುಹೋದರು. ಆದರೆ ನಿರ್ದೇಶಕನಿಗೆ ಈ ಕಟ್ಟು ಇರಲಿಲ್ಲ. ಕ್ಯಾಮೆರಾ ಎಲ್ಲಿಡಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಯಾವ ತುಂಡಿನ ನಂತರ ಯಾವುದನ್ನು ಅಂಟಿಸಬೇಕು, ಇದು ಗೊತ್ತಿದ್ದವರೇ ದಕ್ಷಿಣದಲ್ಲಿ ಬೆರಳೆಣಿಕೆಯಷ್ಟು ಜನ. ಅಂಥವರನ್ನು ಭಾಷೆ ಕೇಳದೆ ಕರೆಯುತ್ತಿದ್ದರು. ಮೂಕಿ ನಟನೊಬ್ಬ ಟಾಕಿ ಕಾಲದಲ್ಲೂ ಉಳಿಯಬೇಕೆಂದರೆ ನಿರ್ದೇಶನ ಒಂದು ಗಟ್ಟಿ ದಾರಿ. ರಾವ್ ಆ ದಾರಿ ಹಿಡಿದರು.

ಕರೆದವರು ಬೆಂಗಳೂರಿನ ಚಮನ್‌ಲಾಲ್ ಡೂಂಗಾಜಿ. ರಾಜಸ್ಥಾನ ಮೂಲದ ವ್ಯಾಪಾರಿ. ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆ ಕಟ್ಟಿ ಕನ್ನಡದಲ್ಲಿ ಚಿತ್ರ ತೆಗೆಯಲು ಹೊರಟರು. ಒಂದು ಕ್ಷಣ ಯೋಚಿಸಿ. ದುಡ್ಡು ಹಾಕಿದವರು ರಾಜಸ್ಥಾನದವರು, ನಿರ್ದೇಶಕ ನೆಲ್ಲೂರಿನವರು, ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಮೈಸೂರು ಸೀಮೆಯಲ್ಲಿ ಆಗ ಟಾಕಿ ತೆಗೆಯುವಂಥ ಸ್ಟುಡಿಯೋ ಇರಲಿಲ್ಲ. ಹಾಗಾದರೆ ಕನ್ನಡ ಎಲ್ಲಿಂದ ಬಂತು? ಕಂಪನಿ ನಾಟಕದಿಂದ ಬಂತು.

ಇಂದ್ರಜಿತು ಎಂ.ವಿ. ಸುಬ್ಬಯ್ಯನಾಯ್ಡು. ರಾವಣ ಆರ್. ನಾಗೇಂದ್ರರಾಯರು. ಇಬ್ಬರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸಿದವರು. ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಅವರೂ ನಾಟಕದ ಕವಿ. ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ. ಹಾಗಾಗಿ ಭಾಷೆಯ ಭಾರ ಹೊತ್ತವರು ಇವರು. ಚಿತ್ರದ ಭಾರ ರಾವ್ ಅವರದು. ಈ ಹಂಚಿಕೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕನ್ನಡ ಚಿತ್ರರಂಗ ನಾಟಕದ ಹೊಟ್ಟೆಯಿಂದ ಬಂತು ಅಂತ ಹೇಳುವುದು ರೂಢಿ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಮೂಕಿ ಚಿತ್ರದಿಂದ ಬಂತು. ಅದನ್ನು ಹೊತ್ತು ತಂದವರು ರಾವ್, ಆದರೆ ಆ ಪಾಲನ್ನು ಯಾರೂ ಅವರಿಗೆ ಸರಿಯಾಗಿ ಕೊಟ್ಟಿಲ್ಲ.

ಆ ಭಾರ ಎಂಥದ್ದು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಮೂಕಿ ಚಿತ್ರ ತೆಗೆಯುವಾಗ ಸೆಟ್ಟಿನಲ್ಲಿ ಗದ್ದಲವೋ ಗದ್ದಲ. ಕ್ಯಾಮೆರಾ ತಿರುಗುತ್ತಿರುವಾಗಲೇ ನಿರ್ದೇಶಕ ಪಕ್ಕದಲ್ಲಿ ನಿಂತು ಕೂಗಿ ಹೇಳಬಹುದು. ಈಗ ತಿರುಗು, ಕಣ್ಣೆತ್ತು, ಬಾಣ ತೆಗೆ, ಹಾಂ, ನಿಧಾನ. ನಟ ತಪ್ಪಿದರೆ ಅಲ್ಲೇ ತಿದ್ದಬಹುದು. ಟಾಕಿ ಬಂದ ಮೇಲೆ ನಟ ಬಾಯಿ ಬಿಟ್ಟ, ನಿರ್ದೇಶಕ ಬಾಯಿ ಮುಚ್ಚಬೇಕಾಯಿತು. ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ ಮುಗಿಸಬೇಕು. ಮೈಕು ಇರುವ ಕಡೆಯೇ ನಟ ನಿಲ್ಲಬೇಕು, ದೂರ ಸರಿದರೆ ಮಾತು ಕ್ಷೀಣಿಸುತ್ತದೆ. ಹಾರ್ಮೋನಿಯಂ, ತಬಲದವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಒಂದು ಮೂಲೆಯಲ್ಲಿ ಕೂತು ಆಗಲೇ ನುಡಿಸಬೇಕು. ಹಾಡೂ ನಟನೆಯೂ ಒಟ್ಟಿಗೆ. ಯಾರಾದರೂ ಒಬ್ಬರು ತಪ್ಪಿದರೆ ಮೊದಲಿನಿಂದ.

ಖರ್ಚೂ ಜಾಸ್ತಿಯಾಯಿತು. ಮೂಕಿ ಚಿತ್ರವನ್ನು ಸಾಮಾನ್ಯವಾಗಿ ಸೆಕೆಂಡಿಗೆ 16 ಚೌಕಟ್ಟಿನ ಲೆಕ್ಕದಲ್ಲಿ ಕೈಯಿಂದ ತಿರುಗಿಸುತ್ತಿದ್ದರು. ಧ್ವನಿಗೆ 24 ಬೇಕು, ಅದೂ ಮೋಟಾರಿನಿಂದ, ಒಂದೇ ವೇಗದಲ್ಲಿ. ಅಂದರೆ ನಿಮಿಷಕ್ಕೆ 60 ಅಡಿ ಫಿಲ್ಮ್ ತಿನ್ನುತ್ತಿದ್ದ ಕೆಲಸ 90 ಅಡಿ ತಿನ್ನತೊಡಗಿತು. ಒಂದು ಸಲ ತಪ್ಪಿದರೆ ಒಂದೂವರೆ ಪಟ್ಟು ನಷ್ಟ. 'ಸತಿ ಸುಲೋಚನಾ' ಸುಮಾರು 40,000 ರೂಪಾಯಿಯಲ್ಲಿ, ಎರಡು ತಿಂಗಳ ಚಿತ್ರೀಕರಣದಲ್ಲಿ ಮುಗಿಯಿತು ಎನ್ನುತ್ತಾರೆ. ಹತ್ತಿರ ಹತ್ತಿರ ಮೂರು ಗಂಟೆಯ ಚಿತ್ರಕ್ಕೆ ಇದು ದೊಡ್ಡ ಸಾಧನೆ. ನಾಟಕದವರು ಮಾತು, ಹಾಡು ಬಾಯಿಪಾಠ ಮಾಡಿಕೊಂಡೇ ಬರುವವರು. ರಾವ್‌ಗೆ ಕಡಿಮೆ ಫಿಲ್ಮಿನಲ್ಲಿ ಕೆಲಸ ಮುಗಿಸುವ ಮೂಕಿ ಕಾಲದ ಅಭ್ಯಾಸ. ಎರಡೂ ಕೂಡಿದ್ದರಿಂದ ಇದು ಸಾಧ್ಯವಾಯಿತು ಅಂತ ನನ್ನ ಅಂದಾಜು.

ಇನ್ನೊಂದು ಸಂಗತಿ ಇದೆ. ಆ ಚಿತ್ರದಲ್ಲಿ ಲಕ್ಷ್ಮಣನ ಪಾತ್ರ ಮಾಡಿದ್ದು ಸ್ವತಃ ವೈ.ವಿ. ರಾವ್. ಕಥೆ ನೆನಪಿದೆಯಲ್ವಾ? ಸುಲೋಚನೆ ಆದಿಶೇಷನ ಮಗಳು, ಇಂದ್ರಜಿತುವಿನ ಹೆಂಡತಿ. ಇಂದ್ರಜಿತುವನ್ನು ಕೊಲ್ಲುವವನು ಲಕ್ಷ್ಮಣ, ಅವನೇ ಶೇಷನ ಅವತಾರ. ಅಂದರೆ ಮಗಳ ಗಂಡನನ್ನು ಅಪ್ಪನೇ ಕೊಂದ ಹಾಗೆ. ಹರಿಕಥೆ ದಾಸರು ಈ ಪ್ರಸಂಗಕ್ಕೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಡಿದು ಬಿದ್ದ ಗಂಡನ ತೋಳು ನೆಲದ ಮೇಲೆ ಬರೆದು ಸುದ್ದಿ ತಿಳಿಸುವ ಭಾಗವೂ ಆ ಕಥೆಯಲ್ಲಿ ಬರುತ್ತದೆ. ಅಂಥ ಕಥೆಗೆ ಪೌರಾಣಿಕ ಮೂಕಿ ಚಿತ್ರಗಳಲ್ಲಿ ಪಳಗಿದ ನಿರ್ದೇಶಕ ಬೇಕೇ ಬೇಕು. ಹಾರುವ ದೇವರು, ಮಾಯವಾಗುವ ರಾಕ್ಷಸ, ಗಾಳಿಯಲ್ಲಿ ಎದುರುಬದುರಾಗುವ ಬಾಣಗಳು, ಇವೆಲ್ಲ ಮೂಕಿ ಕಾಲದ ಪ್ರೇಕ್ಷಕರು ಕಾಸು ಕೊಟ್ಟು ನೋಡುತ್ತಿದ್ದ ಚಮತ್ಕಾರಗಳು.

ಲಕ್ಷ್ಮಣನ ಪಾತ್ರ ತೆಗೆದುಕೊಂಡದ್ದರಲ್ಲೂ ಜಾಣತನ ಇದೆ. ಆ ಕಥೆಯಲ್ಲಿ ಮಾತಿನ ಅಬ್ಬರವೆಲ್ಲ ರಾವಣನಿಗೆ, ಇಂದ್ರಜಿತುವಿಗೆ. ಅವನ್ನು ನಾಗೇಂದ್ರರಾಯರಿಗೂ ನಾಯ್ಡು ಅವರಿಗೂ ಬಿಟ್ಟುಕೊಟ್ಟರು. ಕೈಯಲ್ಲಿ ಬಿಲ್ಲು ಹಿಡಿದು ಮೈಯಿಂದ ಆಡುವ ಪಾತ್ರ ಇಟ್ಟುಕೊಂಡರು. ಪರದೆಯ ಮೇಲಿನ ಮುಖ್ಯ ಪಾತ್ರವನ್ನು ಬೇರೆಯವರಿಗೆ ಬಿಡುವುದು ನಾಯಕನಾಗಿದ್ದವನಿಗೆ ಸುಲಭದ ಮಾತಲ್ಲ.

ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಮುಂದೆ ಪರಿಮಳ ಅಂತ ಹೆಸರು ಬದಲಾದ ಥಿಯೇಟರ್ ಅದು. ಚಿತ್ರ ಆರು ವಾರ ಓಡಿತು. 'ಭಕ್ತ ಧ್ರುವ' ಅದಕ್ಕಿಂತ ಮೊದಲೇ ತಯಾರಾಗಿತ್ತು, ಆದರೆ ತೆರೆಗೆ ಬಂದದ್ದು ನಂತರ. ಯಾರಾದರೂ ಸಭೆಯಲ್ಲಿ ಎದ್ದು 'ಮೊದಲ ಚಿತ್ರ ಅದಲ್ಲವೇ' ಎಂದರೆ ಈ ವಿವರ ಹೇಳಿ.

ಇಷ್ಟು ಗೆದ್ದ ಮೇಲೂ ರಾವ್ ಕನ್ನಡದಲ್ಲೇ ಯಾಕೆ ಉಳಿಯಲಿಲ್ಲ? ಉಳಿಯಲು ಇಲ್ಲಿ ಕೆಲಸ ಇರಲಿಲ್ಲ. 1934ರಲ್ಲಿ ಬಂದ ಕನ್ನಡ ಚಿತ್ರಗಳು ಇವೆರಡೇ. 1935ರಲ್ಲಿ 'ಸದಾರಮೆ', 1936ರಲ್ಲಿ 'ಸಂಸಾರ ನೌಕೆ'. ವರ್ಷಕ್ಕೆ ಒಂದು ಚಿತ್ರ ಬರುವ ಕಡೆ ನಿರ್ದೇಶಕ ಹೊಟ್ಟೆ ಹೊರೆಯುವುದು ಹೇಗೆ? ಮದರಾಸು ಪ್ರಾಂತ್ಯದಲ್ಲಿ ಥಿಯೇಟರುಗಳೂ ಜಾಸ್ತಿ, ಹಣವೂ ಜಾಸ್ತಿ.

ಅಲ್ಲಿ ಅವರ ದೊಡ್ಡ ಗೆಲುವು 1937ರ ತಮಿಳು ಭಕ್ತಿ ಚಿತ್ರ 'ಚಿಂತಾಮಣಿ'. ಮಧುರೈನ ರಾಯಲ್ ಟಾಕಿ ಡಿಸ್ಟ್ರಿಬ್ಯೂಟರ್ಸ್ ತಯಾರಿಸಿದ್ದು. ಬಿಲ್ವಮಂಗಳನಾಗಿ ಎಂ.ಕೆ. ತ್ಯಾಗರಾಜ ಭಾಗವತರ್, ಚಿಂತಾಮಣಿಯಾಗಿ ಕೆ. ಅಶ್ವತ್ಥಮ್ಮ. ಈ ಅಶ್ವತ್ಥಮ್ಮ ನಮ್ಮವರು, 'ಸದಾರಮೆ'ಯಲ್ಲಿ ನಟಿಸಿದ್ದವರು. ಪಾಪನಾಶಂ ಶಿವನ್ ಅವರ ಹಾಡುಗಳು. ರಾವ್ ಇಲ್ಲೂ ಒಂದು ಪಾತ್ರ ಮಾಡಿದರು. ಒಂದೇ ಥಿಯೇಟರಿನಲ್ಲಿ ಒಂದು ವರ್ಷ ಓಡಿದ ಮೊದಲ ತಮಿಳು ಚಿತ್ರ ಎಂಬ ಹೆಸರು ಇದಕ್ಕಿದೆ. ಬಂದ ಲಾಭದಲ್ಲಿ ನಿರ್ಮಾಪಕರು ಮಧುರೈನಲ್ಲಿ ಥಿಯೇಟರನ್ನೇ ಕಟ್ಟಿಸಿ ಅದಕ್ಕೆ ಚಿಂತಾಮಣಿ ಅಂತ ಹೆಸರಿಟ್ಟರು.

ಇದಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಸಾಲಾಗಿ ಭಕ್ತಿ ಚಿತ್ರಗಳನ್ನೇ ತೆಗೆಯುತ್ತಿದ್ದರೇನೋ. ರಾವ್ ಶ್ರೀ ಜಗದೀಶ್ ಫಿಲ್ಮ್ಸ್ ಎಂಬ ಸ್ವಂತ ಸಂಸ್ಥೆ ಮಾಡಿ 1939ರಲ್ಲಿ ತೆಲುಗಿನಲ್ಲಿ 'ಮಳ್ಳೀ ಪೆಳ್ಳಿ' ತೆಗೆದರು. ಮತ್ತೆ ಮದುವೆ ಅಂತ ಅರ್ಥ. ವಿಧವೆಯ ಮರುಮದುವೆಯೇ ಕಥೆ. ನಾಯಕಿ ಕಾಂಚನಮಾಲ, ನಾಯಕ ರಾವ್ ತಾವೇ. ಗಂಡನ ಜೊತೆ ಚಿತೆಗೆ ಹೋಗುವ ಸತಿಯ ಕಥೆಯಿಂದ ತಮ್ಮ ಟಾಕಿ ಬದುಕು ಶುರು ಮಾಡಿದವರು ಐದೇ ವರ್ಷಕ್ಕೆ ಗಂಡ ಸತ್ತ ಹೆಣ್ಣುಮಗಳು ಮತ್ತೆ ಬಾಳಬೇಕು ಅಂತ ಚಿತ್ರ ತೆಗೆದರು. ಅದೂ ತಮ್ಮ ದುಡ್ಡಿನಲ್ಲಿ. ಅವರ ಬದುಕಿನಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು. ನಿಮ್ಮ ಭಾಷಣದಲ್ಲಿ ಒಂದೇ ಒಂದು ವಿಷಯಕ್ಕೆ ಸಮಯ ಇದೆ ಎಂದರೆ ಇದನ್ನೇ ಹೇಳಿ.

ಮರುವರ್ಷ 'ವಿಶ್ವಮೋಹಿನಿ'. ಸಿನಿಮಾ ಲೋಕವೇ ಅದರ ಕಥೆಯ ಹಿನ್ನೆಲೆ, ನಾಗಯ್ಯನವರು ಮುಖ್ಯ ಪಾತ್ರದಲ್ಲಿ. 1941ರಲ್ಲಿ ತಮಿಳಿನ 'ಸಾವಿತ್ರಿ'. ಸಾವಿತ್ರಿಯಾಗಿ ಪುಣೆ ಕಡೆಯ ಪ್ರಸಿದ್ಧ ನಟಿ ಶಾಂತಾ ಆಪ್ಟೆ, ಅವರು ಈ ಪಾತ್ರಕ್ಕೆಂದೇ ತಮಿಳು ಕಲಿತರು. ಸತ್ಯವಾನನಾಗಿ ರಾವ್. ನಾರದನಾಗಿ ಎಂ.ಎಸ್. ಸುಬ್ಬುಲಕ್ಷ್ಮಿ! ಗಂಡು ವೇಷ ಹಾಕಲು ಸುಬ್ಬುಲಕ್ಷ್ಮಿ ಒಪ್ಪಿದ್ದಕ್ಕೆ ಕಾರಣವಿದೆ. ಅವರ ಪತಿ ಸದಾಶಿವಂ ಮತ್ತು ಕಲ್ಕಿ ಕೃಷ್ಣಮೂರ್ತಿ ಸೇರಿ 'ಕಲ್ಕಿ' ಪತ್ರಿಕೆ ಆರಂಭಿಸಲು ಹಣ ಬೇಕಿತ್ತು. ಆ ಚಿತ್ರದ ಸಂಭಾವನೆ ಅದಕ್ಕೆ ಹೋಯಿತು. 1944ರಲ್ಲಿ ತೆಲುಗಿನ 'ತಹಶೀಲ್ದಾರ್', ಭಾನುಮತಿ ಅದರ ನಟಿ. 1946ರಲ್ಲಿ 'ಲವಂಗಿ'. ಅದರಲ್ಲಿ ಜಗನ್ನಾಥ ಪಂಡಿತನಾಗಿ ರಾವ್, ಲವಂಗಿಯಾಗಿ ಕುಮಾರಿ ರುಕ್ಮಿಣಿ. ಮುಂದೆ ರುಕ್ಮಿಣಿ ಅವರ ಬಾಳಸಂಗಾತಿಯಾದರು.

1940ರ ದಶಕದ ಕೊನೆಗೆ ಅವರ ಕಾಲ ಇಳಿಮುಖವಾಯಿತು. ದೊಡ್ಡ ಸ್ಟುಡಿಯೋಗಳು ಬಂದವು, ಹೊಸ ನಿರ್ದೇಶಕರು ಬಂದರು. ಕನ್ನಡಕ್ಕೆ ಮತ್ತೊಮ್ಮೆ ಬಂದು 1961ರಲ್ಲಿ ರಾಜ್‌ಕುಮಾರ್ ಅಭಿನಯದ 'ನಾಗಾರ್ಜುನ' ನಿರ್ದೇಶಿಸಿದರು. 1973ರಲ್ಲಿ ತೀರಿಕೊಂಡರು.

ಅವರ ಮಗಳನ್ನು ನಿಮಗೆ ಪರಿಚಯ ಮಾಡಿಕೊಡಬೇಕಿಲ್ಲ. ರಾವ್ ಮತ್ತು ರುಕ್ಮಿಣಿಯವರ ಮಗಳೇ ನಟಿ ಲಕ್ಷ್ಮಿ, 'ನಾ ನಿನ್ನ ಮರೆಯಲಾರೆ'ಯ ಲಕ್ಷ್ಮಿ. ಅವರೂ ಅಪ್ಪನ ಹಾಗೆ ನಿರ್ದೇಶನಕ್ಕೆ ಇಳಿದು 1980ರಲ್ಲಿ 'ಮಕ್ಕಳ ಸೈನ್ಯ' ಮಾಡಿದರು, ಅದೂ ಕನ್ನಡದಲ್ಲೇ. 'ಸತಿ ಸುಲೋಚನಾ'ದ ರಾವಣ ನಾಗೇಂದ್ರರಾಯರ ಮಕ್ಕಳು ಆರ್.ಎನ್. ಜಯಗೋಪಾಲ್, ಆರ್.ಎನ್. ಸುದರ್ಶನ್, ಆರ್.ಎನ್.ಕೆ. ಪ್ರಸಾದ್. ಇಂದ್ರಜಿತು ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್, ಮೊಮ್ಮಗ ಸೃಜನ್. ಒಂದು ಚಿತ್ರದ ಮೂವರು ಗಂಡಸರಿಂದ ಇಷ್ಟು ಮನೆಗಳು ಬೆಳೆದವು. ನಿಮ್ಮ ವಿದ್ಯಾರ್ಥಿಗಳಿಗೆ ಇಲ್ಲಿಂದ ಶುರು ಮಾಡಿದರೆ 1934 ಅಷ್ಟು ದೂರ ಅನ್ನಿಸುವುದಿಲ್ಲ.

ಕೊನೆಯ ಪ್ರಶ್ನೆ. 'ಸತಿ ಸುಲೋಚನಾ' ನೋಡಲು ಸಿಗುವುದಿಲ್ಲ. ಅದರ ಪ್ರತಿ ಉಳಿದಿಲ್ಲ. ಆ ಕಾಲದ ಫಿಲ್ಮ್ ನೈಟ್ರೇಟಿನದು, ಬೇಗ ಬೆಂಕಿ ಹತ್ತುತ್ತದೆ. ಸೆಕೆಗೆ ಅಂಟಂಟಾಗಿ ಆಮೇಲೆ ಪುಡಿಯಾಗುತ್ತದೆ. ಓಡಿ ಮುಗಿದ ಚಿತ್ರಗಳನ್ನು ಅದರಲ್ಲಿರುವ ಬೆಳ್ಳಿಯ ಆಸೆಗೆ ಮಾರಿದವರೂ ಇದ್ದಾರೆ. ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿಯೋ ತುಂಡುತುಂಡಾಗಿಯೋ ಉಳಿದಿರುವುದು ಮೂವತ್ತರ ಆಸುಪಾಸು. ದಕ್ಷಿಣದ ಮೂಕಿ ಚಿತ್ರ ಹೇಗಿತ್ತು ಅಂತ ನೋಡಬೇಕಾದರೆ 1933ರ 'ಮಾರ್ತಾಂಡ ವರ್ಮ' ಇದೆ. ಹಕ್ಕುಸ್ವಾಮ್ಯದ ಜಗಳದಲ್ಲಿ ಕೋರ್ಟಿಗೆ ಹೋಗಿ ಪ್ರದರ್ಶನ ನಿಂತುಹೋದ ಚಿತ್ರ ಅದು. ಪ್ರತಿ ಒಂದು ಕಡೆ ಬಿದ್ದಿತ್ತು, ಅದರಿಂದಲೇ ಉಳಿಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದೆ.

ಚಿತ್ರ ಹೋದರೂ ಆ ಕಾಲದ ಕಾಗದ ಕೆಲವು ಮನೆಗಳಲ್ಲಿ ಇನ್ನೂ ಇರುತ್ತದೆ. ಥಿಯೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ, ಪತ್ರಿಕೆಯ ಜಾಹೀರಾತು, ಕಂಪನಿಯವರು ನಿಂತು ತೆಗೆಸಿಕೊಂಡ ಫೋಟೋ. ನಿಮ್ಮ ವಿದ್ಯಾರ್ಥಿಗಳಿಗೆ ಅಜ್ಜ ಅಜ್ಜಿಯ ಟ್ರಂಕು ಹುಡುಕಲು ಹೇಳಿ. ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಹಚ್ಚಬೇಡಿ, ಅದರ ಅಂಟೇ ಕಾಗದವನ್ನು ತಿನ್ನುತ್ತದೆ. ಒಣ ಜಾಗದಲ್ಲಿ, ಬಿಳಿ ಕಾಗದದ ಮಧ್ಯೆ, ಬಿಸಿಲು ತಾಗದ ಹಾಗೆ ಇಡಿ. ಎರಡೂ ಬದಿ ಫೋಟೋ ತೆಗೆದು, ಯಾರ ಮನೆಯಲ್ಲಿ, ಯಾವ ಊರಿನಲ್ಲಿ ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಮುಖಪುಟದಲ್ಲಿ 'ಡೈರೆಕ್ಟರ್' ಅಂತ ಇರುವ ಸಾಲನ್ನು ತಪ್ಪದೆ ನೋಡಿ.